ಎಸ್‌ಎಸ್‌ಡಿ ಸಾಯೋ ಮುಂಚೆ: ಜರ್ನಲ್ ಡಿಸ್ಕ್ ಬದಲಾಯಿಸುವ ಬಗ್ಗೆ

ಹಾಫ್‌ಮನ್ ಎಸ್ಟೇಟ್ಸ್ ಅಂದರೆ ಶಿಕಾಗೊದ ಹಳೆಯ ಕನ್ನಡಿಗರಿಗೆ ಮೊದಲು ನೆನಪಾಗೋದು ಸಿಯರ್ಸ್. 1990ರ ದಶಕದ ಆರಂಭದಲ್ಲಿ ಆ ಕಂಪನಿ ಊರ ಮಧ್ಯದ ಸಿಯರ್ಸ್ ಟವರ್ ಬಿಟ್ಟು ಇಲ್ಲಿಗೆ ಬಂತು. 2023ರಲ್ಲಿ ಆ ಜಾಗವನ್ನು ಕಂಪಾಸ್ ಡೇಟಾಸೆಂಟರ್ಸ್ ಕೊಂಡುಕೊಂಡಿತು, ಮರುವರ್ಷ ಹಳೆಯ ಕಟ್ಟಡಗಳನ್ನು ಕೆಡವೋ ಕೆಲಸ ಶುರುವಾಯಿತು. ಒಂದು ಕಾಲದಲ್ಲಿ ಅಮೆರಿಕದ ಮನೆಮನೆಗೆ ಕ್ಯಾಟಲಾಗ್ ಕಳಿಸಿ ವ್ಯಾಪಾರ ಮಾಡಿದ ಕಂಪನಿಯ ನೆಲದಲ್ಲಿ ಈಗ ಸರ್ವರ್‌ಗಳಿಗೆ ಜಾಗ ಸಿದ್ಧವಾಗುತ್ತಿದೆ.

ಅದೇ ಊರಿನಲ್ಲಿ ನಮ್ಮದೂ ಒಂದು "ಡೇಟಾ ಸೆಂಟರ್" ಇದೆ. ನಗಬೇಡಿ. ಸಂಘದ ಹಿರಿಯ ಸದಸ್ಯರೊಬ್ಬರ ಮನೆಯ ಬೇಸ್‌ಮೆಂಟ್‌ನಲ್ಲಿ, ಸಂಪ್ ಪಂಪ್ ಕೈಕೊಟ್ಟರೂ ನೀರು ತಾಗದ ಹಾಗೆ ಎತ್ತರಿಸಿದ ಕಬ್ಬಿಣದ ರ್‍ಯಾಕ್ ಮೇಲೆ, ನಾಲ್ಕು ಹಳೆಯ ಸರ್ವರ್‌ಗಳು. ನಮಗಿಂತ ಮುಂಚೆ ಓದಿ ಹೋದವರು 2016ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು ಜೋಡಿಸಿಟ್ಟದ್ದು. ಅದರಲ್ಲಿ ಇರೋದು ಏನಪ್ಪಾ ಅಂದರೆ ಹಳೆಯ ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮಗಳ ವಿಎಚ್‌ಎಸ್ ಟೇಪ್‌ಗಳಿಂದ ಇಳಿಸಿದ ವಿಡಿಯೋ, ಬೇಸಿಗೆಯಲ್ಲಿ ಮಕ್ಕಳ ಮನೆಗೆ ಬರೋ ಅಜ್ಜ ಅಜ್ಜಿಯರನ್ನು ಕೂರಿಸಿ ಮಾಡಿದ ರೆಕಾರ್ಡಿಂಗ್‌ಗಳು. ಕುಂದಾಪುರದ ಮಾತು, ಧಾರವಾಡದ ಮಾತು, ಸೋಬಾನೆ, ಒಗಟು, ಅಡಿಕೆ ಕೊಯ್ಲಿನ ಕಥೆ. ಎಲ್ಲ ಸೇರಿ ಸುಮಾರು 11 ಟಿಬಿ. ಆ ಮನೆಯ ಆಂಟಿಯ ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದಾಗ ಮೂರು ಗಂಟೆ ಮಾತಾಡಿದ್ದಾರೆ. ಅವರು ಈಗಿಲ್ಲ. ಎಸ್‌ಎಸ್‌ಡಿಗಳು ಸವೆದಿವೆ, ಬದಲಾಯಿಸಬೇಕು ಅಂತ ಹೋದ ಅಕ್ಟೋಬರ್‌ನಲ್ಲಿ ನಾವು ಹೇಳಿದಾಗ ಆಂಟಿ ಕೇಳಿದ್ದು ಒಂದೇ ಪ್ರಶ್ನೆ: "ಬದಲಾಯಿಸ್ತಾ ಇರುವಾಗ ಅಮ್ಮನ ಧ್ವನಿ ಎಲ್ಲಿರುತ್ತಪ್ಪಾ?"

ಈ ಲೇಖನ ಆ ಪ್ರಶ್ನೆಗೆ ಉತ್ತರ. ನಮ್ಮಲ್ಲಿ ಬಹಳ ಜನ ಯಾವುದೋ ಲ್ಯಾಬ್‌ನ ಸ್ಟೋರೇಜ್ ನೋಡಿಕೊಳ್ಳೋ ಕೆಲಸದಲ್ಲಿ ಇದ್ದೀರಿ, ಅಥವಾ ನಾಳೆ ಆ ಕೆಲಸ ನಿಮ್ಮ ತಲೆಗೆ ಬೀಳುತ್ತೆ. ಅವರಿಗೂ ಉಪಯೋಗವಾದೀತು.

ಸರ್ವರ್‌ಗಳಲ್ಲಿ ಓಡೋ ತಂತ್ರಾಂಶದ ಹೆಸರು ಸೆಫ್. ಸೇಜ್ ವೈಲ್ ಎಂಬವರು ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ ಪಿಎಚ್‌ಡಿ ಮಾಡುವಾಗ ಹುಟ್ಟಿದ್ದು, 2006ರಲ್ಲಿ ಅದರ ಪ್ರಬಂಧ ಬಂತು. ನಮ್ಮ ಹಾಗೇ ವಿದ್ಯಾರ್ಥಿಯೊಬ್ಬರ ಪ್ರಾಜೆಕ್ಟ್ ಅನ್ನೋದು ಸಮಾಧಾನದ ವಿಷಯ. ಇದರಲ್ಲಿ ಒಂದೊಂದು ಹಾರ್ಡ್ ಡಿಸ್ಕಿಗೂ ಒಂದೊಂದು ಪ್ರೋಗ್ರಾಂ ಕಾವಲಿರುತ್ತೆ, ಅದಕ್ಕೆ ಒಎಸ್‌ಡಿ ಅಂತಾರೆ. ನಮ್ಮಲ್ಲಿ ಸರ್ವರ್‌ಗೆ ನಾಲ್ಕರಂತೆ 16 ಡಿಸ್ಕ್, ತಲಾ 4 ಟಿಬಿ. ಪ್ರತಿಯೊಂದು ತುಣುಕಿಗೂ ಮೂರು ಪ್ರತಿ, ಮೂರೂ ಬೇರೆ ಬೇರೆ ಸರ್ವರ್‌ನಲ್ಲಿ. ಹಾಗಾಗಿ 11 ಟಿಬಿ ಅನ್ನೋದು ಡಿಸ್ಕ್‌ಗಳ ಮೇಲೆ 33 ಟಿಬಿ, ಸರ್ವರ್‌ಗೆ ಸುಮಾರು 8 ಟಿಬಿ.

"ಬೇರೆ ಬೇರೆ ಸರ್ವರ್" ಅನ್ನೋ ಜಾಗದಲ್ಲಿ "ಬೇರೆ ಬೇರೆ ಊರು" ಅಂತಲೂ ಹಾಕಬಹುದು. ಪಕ್ಕದ ಮಿಷಿಗನ್‌ನಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. 2015ರಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅನುದಾನದಿಂದ ಶುರುವಾದ ಒಸೈರಿಸ್ ಯೋಜನೆಯಲ್ಲಿ ಆ್ಯನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯ, ಈಸ್ಟ್ ಲ್ಯಾನ್ಸಿಂಗ್‌ನ ಮಿಷಿಗನ್ ಸ್ಟೇಟ್, ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ಮೂರಕ್ಕೂ ಹರಡಿದ ಒಂದೇ ಸೆಫ್ ಕ್ಲಸ್ಟರ್ ಕಟ್ಟಿದರು. 2016ರಲ್ಲಿ ಸೂಪರ್‌ಕಂಪ್ಯೂಟಿಂಗ್ ಸಮ್ಮೇಳನಕ್ಕೆ ಹೋದಾಗ ಅದನ್ನು ಸಾಲ್ಟ್ ಲೇಕ್ ಸಿಟಿಯವರೆಗೂ ಎಳೆದು ನೋಡಿದರು. ದೂರ ಹೆಚ್ಚಿದಷ್ಟೂ ಬರೆಯೋದು ನಿಧಾನವಾಗುತ್ತೆ, ಯಾಕಂದರೆ ಎಲ್ಲ ಪ್ರತಿಗಳೂ "ಬರೆದುಕೊಂಡೆ" ಅಂದ ಮೇಲೆಯೇ ಸೆಫ್ ನಿಮಗೆ "ಆಯಿತು" ಅನ್ನೋದು. ಈ "ಬರೆದುಕೊಂಡೆ" ಅನ್ನೋ ಮಾತು ಎಲ್ಲಿಂದ ಬರುತ್ತೆ ಅನ್ನೋದೇ ಜರ್ನಲ್‌ನ ಕಥೆ.

ಊರಿನ ದಿನಸಿ ಅಂಗಡಿ ನೆನಪಿಸಿಕೊಳ್ಳಿ. ಗಿರಾಕಿಗಳು ಮುಗಿಬಿದ್ದಿರುವಾಗ ಶೆಟ್ಟರು ಕಚ್ಚಾ ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದುಕೊಂಡು ಹೋಗುತ್ತಾರೆ. ಯಾರ ಹೆಸರಿನ ಪುಟ ಎಲ್ಲಿದೆ ಅಂತ ಆಗ ಹುಡುಕೋದಿಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ ಒಂದೊಂದನ್ನೂ ಖಾತೆ ಪುಸ್ತಕಕ್ಕೆ ಏರಿಸುತ್ತಾರೆ. ಕಚ್ಚಾ ಪುಸ್ತಕದಲ್ಲಿ ಬಿದ್ದ ಕ್ಷಣವೇ ಸಾಲ ಸಾಲವೇ. ಖಾತೆಗೆ ಇನ್ನೂ ಏರಿಲ್ಲ ಅಂತ ಗಿರಾಕಿ ವಾದ ಮಾಡೋ ಹಾಗಿಲ್ಲ.

ಸೆಫ್‌ನ ಹಳೆಯ ಪದ್ಧತಿಯಾದ ಫೈಲ್‌ಸ್ಟೋರ್‌ನಲ್ಲಿ ಜರ್ನಲ್ ಅಂದರೆ ಆ ಕಚ್ಚಾ ಪುಸ್ತಕ. ಬರಹ ಮೊದಲು ಜರ್ನಲ್‌ಗೆ ಸಾಲಾಗಿ ಬೀಳುತ್ತೆ, ಆಮೇಲೆ ನಿಧಾನವಾಗಿ ಹಾರ್ಡ್ ಡಿಸ್ಕಿನ ಸರಿಯಾದ ಜಾಗಕ್ಕೆ ಹೋಗುತ್ತೆ. ಹಾರ್ಡ್ ಡಿಸ್ಕ್ ನಿಧಾನ ಅಂತ ಜರ್ನಲ್ಲನ್ನು ಎಸ್‌ಎಸ್‌ಡಿ ಮೇಲೆ ಇಡೋದು ರೂಢಿ. ಒಂದು ಎಸ್‌ಎಸ್‌ಡಿಯನ್ನು ಭಾಗ ಮಾಡಿ ನಾಲ್ಕೈದು ಡಿಸ್ಕ್‌ಗಳಿಗೆ ಹಂಚುತ್ತಾರೆ. ನಮ್ಮಲ್ಲೂ ಸರ್ವರ್‌ಗೆ ಒಂದೇ ಎಸ್‌ಎಸ್‌ಡಿ, ಅದರ ಮೇಲೆ ನಾಲ್ಕು ಜರ್ನಲ್.

ಎಷ್ಟೋ ಜನ ಇದನ್ನು ಕ್ಯಾಶ್ ಅಂದುಕೊಳ್ಳುತ್ತಾರೆ. ಓದೋ ಕ್ಯಾಶ್ ಹೋದರೆ ವೇಗ ಮಾತ್ರ ಹೋಗುತ್ತೆ. ಜರ್ನಲ್ ಹೋದರೆ ಕೊಟ್ಟ ಮಾತು ಹೋಗುತ್ತೆ. ಅದರ ಜೊತೆಗೆ ನಾಲ್ಕು ಒಎಸ್‌ಡಿಗಳೂ ಒಟ್ಟಿಗೆ ಮಲಗುತ್ತವೆ, ಡಿಸ್ಕ್‌ಗಳು ಗಟ್ಟಿಮುಟ್ಟಾಗಿದ್ದರೂ ಸಹ. ಇನ್ನೊಂದು ವಿಷಯ: ನಾಲ್ಕು ಡಿಸ್ಕ್‌ಗಳ ಎಲ್ಲ ಬರಹವೂ ಈ ಒಂದರ ಮೇಲೆ ಹಾದುಹೋಗೋದರಿಂದ ಸರ್ವರ್‌ನಲ್ಲಿ ಎಲ್ಲಕ್ಕಿಂತ ಬೇಗ ಸವೆಯೋದೂ ಇದೇ. ನಾಲ್ಕೂ ಸರ್ವರ್‌ಗಳಿಗೆ ಒಂದೇ ದಿನ, ಒಂದೇ ಮಾದರಿಯ ಎಸ್‌ಎಸ್‌ಡಿ ಕೊಂಡಿದ್ದರೆ? ಕೆಲಸವನ್ನು ಸೆಫ್ ಸಮನಾಗಿ ಹಂಚುತ್ತೆ, ಸವೆತವೂ ಸಮನಾಗಿ ಹಂಚಿಹೋಗುತ್ತೆ. ಅಕ್ಟೋಬರ್‌ನಲ್ಲಿ ಸ್ಮಾರ್ಟ್ ವರದಿ ತೆಗೆದಾಗ ನಾಲ್ಕೂ ಶೇಕಡಾ 89ರಿಂದ 93ರೊಳಗೆ ಸವೆದಿದ್ದವು. ಮೂರು ಪ್ರತಿ ಇಟ್ಟಿರೋದೇ ಒಂದು ಸತ್ತಾಗ ಇನ್ನೊಂದು ಇರಲಿ ಅಂತ. ಎಲ್ಲವೂ ಒಂದೇ ವಾರ ಸಾಯೋಕೆ ಸಾಲಾಗಿ ನಿಂತಿದ್ದರೆ ಆ ಲೆಕ್ಕ ನಡೆಯೋಲ್ಲ.

ಬದುಕಿರೋ ಜರ್ನಲ್ ಬದಲಾಯಿಸೋದು ಕಷ್ಟವೇನಲ್ಲ, ಕ್ರಮ ತಪ್ಪಬಾರದು ಅಷ್ಟೇ. ಮೊದಲನೆಯದಾಗಿ, ಕ್ಲಸ್ಟರ್‌ನ ಹೊರಗೆ ಒಂದು ಪ್ರತಿ ಇರಲಿ. ಮೂರು ಪ್ರತಿ ಅನ್ನೋದು ಬ್ಯಾಕಪ್ ಅಲ್ಲ, ತಪ್ಪಾಗಿ ಅಳಿಸಿದರೆ ಮೂರೂ ಕಡೆ ಅಳಿಸಿಹೋಗುತ್ತೆ. 11 ಟಿಬಿ ಪೂರ್ತಿ ನಕಲು ಮಾಡೋ ಅಷ್ಟು ದುಡ್ಡು ಸಂಘದಲ್ಲಿರಲಿಲ್ಲ. ಮತ್ತೆ ಎಲ್ಲೂ ಸಿಗದ ಅಜ್ಜ ಅಜ್ಜಿಯರ ರೆಕಾರ್ಡಿಂಗ್‌ಗಳನ್ನಷ್ಟೇ ಎರಡು ಎಕ್ಸ್‌ಟರ್ನಲ್ ಡಿಸ್ಕ್‌ಗಳಿಗೆ ಇಳಿಸಿ, ಒಂದನ್ನು ಬೇರೆ ಮನೆಯಲ್ಲಿ ಇಟ್ಟೆವು. ವಿಡಿಯೋಗಳು ಕ್ಲಸ್ಟರ್‌ನಲ್ಲೇ ಉಳಿದವು.

ಆಮೇಲೆ ಕ್ಲಸ್ಟರ್‌ನ ಸ್ಥಿತಿ. ಎಲ್ಲ ತುಣುಕುಗುಂಪುಗಳೂ, ಅಂದರೆ ಪಿಜಿಗಳು, "ಆ್ಯಕ್ಟಿವ್, ಕ್ಲೀನ್" ಅಂತ ಇದ್ದರೆ ಮಾತ್ರ ಮುಂದಕ್ಕೆ. ಒಂದೇ ಒಂದು ಪಿಜಿ "ಡಿಗ್ರೇಡೆಡ್" ಅಂತಿದ್ದರೂ ಸ್ಕ್ರೂಡ್ರೈವರ್ ಕೆಳಗಿಡಿ. ನಾವು ನಿಲ್ಲಿಸಲಿರೋ ಸರ್ವರ್‌ನಲ್ಲೇ ಅದರ ಉಳಿದ ಪ್ರತಿ ಇರಬಹುದು. ಹೊಸ ಆವೃತ್ತಿಗಳಲ್ಲಿ "ಓಕೆ ಟು ಸ್ಟಾಪ್" ಅನ್ನೋ ಆದೇಶವಿದೆ. ಈ ಒಎಸ್‌ಡಿಗಳನ್ನು ನಿಲ್ಲಿಸಿದರೆ ಯಾವ ಪಿಜಿಯೂ ಸ್ಥಗಿತವಾಗೋಲ್ಲ ತಾನೆ ಅಂತ ಅದನ್ನೇ ಕೇಳಬಹುದು.

ಮೂರನೆಯದು "ನೋಔಟ್" ಫ್ಲ್ಯಾಗ್. ಒಎಸ್‌ಡಿ ಒಂದು ಮಲಗಿ 10 ನಿಮಿಷ ಆದರೆ, ಸೆಟ್ಟಿಂಗ್ ಮುಟ್ಟದಿದ್ದರೆ, ಸೆಫ್ ಅದನ್ನು ಲೆಕ್ಕದಿಂದ ತೆಗೆದು ಅದರ ಪ್ರತಿಗಳನ್ನು ಬೇರೆಡೆ ಹುಟ್ಟಿಸೋಕೆ ಶುರು ಮಾಡುತ್ತೆ. ಬೇರೆ ದಿನ ಇದು ಒಳ್ಳೆಯದೇ. ಆದರೆ ನಾವು ಡಿಸ್ಕ್ ಬದಲಾಯಿಸ್ತಾ ಇರುವಾಗ ಇದು ನಡೆದರೆ ಸುಮಾರು 8 ಟಿಬಿ ಬರಹ ಉಳಿದ ಮೂರು ಸರ್ವರ್‌ಗಳ ಮೇಲೆ ಬೀಳುತ್ತೆ, ಅದೂ ಶೇಕಡಾ 90 ಸವೆದ ಆ ಜರ್ನಲ್‌ಗಳ ಮೂಲಕವೇ. ಒಂದನ್ನು ಕಾಪಾಡೋಕೆ ಹೋಗಿ ಉಳಿದ ಮೂರಕ್ಕೆ ಕೊನೆಯ ಏಟು ಕೊಟ್ಟ ಹಾಗೆ. "ನೋಔಟ್" ಹಾಕಿದರೆ ಸೆಫ್ ಸುಮ್ಮನೆ ಕಾಯುತ್ತೆ. ನಾಟಿಲಸ್ ಆವೃತ್ತಿಯಿಂದ ಈಚೆಗೆ ಇದನ್ನು ಒಂದೇ ಸರ್ವರ್‌ಗೆ ಸೀಮಿತವಾಗಿ ಹಾಕಬಹುದು. ಹಾಗೇ ಮಾಡಿ, ಬೇರೆ ಸರ್ವರ್‌ನಲ್ಲಿ ನಿಜವಾಗಿ ಏನಾದರೂ ಕೆಟ್ಟರೆ ಸೆಫ್ ತನ್ನ ಕೆಲಸ ಮಾಡಿಕೊಳ್ಳಲಿ.

ಈಗ ಆ ಸರ್ವರ್‌ನ ನಾಲ್ಕು ಒಎಸ್‌ಡಿಗಳನ್ನು ನಿಲ್ಲಿಸಿ, ಒಂದೊಂದಕ್ಕೂ "ಫ್ಲಶ್ ಜರ್ನಲ್" ಕೊಡಬೇಕು. ಇಡೀ ಕೆಲಸದ ಜೀವ ಇರೋದು ಇಲ್ಲಿ. ಕಚ್ಚಾ ಪುಸ್ತಕದಲ್ಲಿ ಬಾಕಿ ಉಳಿದ ಸಾಲುಗಳೆಲ್ಲ ಖಾತೆಗೆ ಏರಿ, ಪುಸ್ತಕವನ್ನು ಎಸೆದರೂ ನಷ್ಟವಿಲ್ಲ ಅನ್ನೋ ಸ್ಥಿತಿ ಬರುತ್ತೆ. ನಾಲ್ಕಕ್ಕೂ ಪ್ರತ್ಯೇಕವಾಗಿ ಕೊಟ್ಟು, ನಾಲ್ಕರ ಉತ್ತರವನ್ನೂ ಓದಿ. ದೋಷ ಬಂದರೆ ಅಲ್ಲೇ ನಿಲ್ಲಿ, ಹಳೆಯ ಎಸ್‌ಎಸ್‌ಡಿ ಹೊರತೆಗೆಯಬೇಡಿ.

ಹೊರತೆಗೆಯೋ ಮುಂಚೆ ಅದರ ಪಾರ್ಟಿಷನ್ ಪಟ್ಟಿಯನ್ನು ಒಂದು ಫೈಲಿಗೆ ಉಳಿಸಿಕೊಂಡೆವು. ಒಎಸ್‌ಡಿ ತನ್ನ ಜರ್ನಲ್ಲನ್ನು ಹುಡುಕೋದು ಪಾರ್ಟಿಷನ್‌ನ ಗುರುತು ಸಂಖ್ಯೆಯಿಂದ. ಹೊಸ ಡಿಸ್ಕಿಗೆ ಅದೇ ಪಟ್ಟಿಯನ್ನು ತುಂಬಿದರೆ ಗುರುತು ಸಂಖ್ಯೆಗಳೂ ಹಾಗೇ ಬರುತ್ತವೆ, ಯಾವ ಕೊಂಡಿಯನ್ನೂ ತಿದ್ದಬೇಕಾಗಿಲ್ಲ. ಎರಡು ಎಚ್ಚರಿಕೆ: ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಿರಬಾರದು. ಮತ್ತು ಹಳೆಯದು, ಹೊಸದು ಎರಡೂ ಒಟ್ಟಿಗೆ ಸಿಕ್ಕಿಸಿಕೊಂಡಿರಬಾರದು, ಒಂದೇ ಹೆಸರಿನ ಇಬ್ಬರು ಒಂದೇ ಹಾಸ್ಟೆಲ್ ರೂಮಿನಲ್ಲಿದ್ದರೆ ಕಾಗದ ಯಾರಿಗೆ ಹೋಗುತ್ತೋ ಗೊತ್ತಾಗೋಲ್ಲ. ಎಳೆಯೋದು ಸರಿಯಾದ ಡಿಸ್ಕೇ ಅಂತ ಸೀರಿಯಲ್ ಸಂಖ್ಯೆ ಓದಿ ಖಚಿತಪಡಿಸಿಕೊಳ್ಳಿ, ಸ್ಲಾಟ್ ಸಂಖ್ಯೆಯನ್ನು ನಂಬಬೇಡಿ. ನಾವು ಮೊದಲೇ ಎಲ್ಲ ಟ್ರೇಗಳಿಗೂ ಬಿಳಿ ಚೀಟಿ ಅಂಟಿಸಿದ್ದೆವು. ಆಂಟಿ ಉಪ್ಪಿನಕಾಯಿ ಜಾಡಿಗೆ ಅಂಟಿಸೋ ಚೀಟಿಗಳೇ ಅವು.

ಹೊಸ ಡಿಸ್ಕ್ ಒಳಗೆ ಹೋಗಿ, ಪಟ್ಟಿ ತುಂಬಿ, ಪಾರ್ಟಿಷನ್‌ಗಳ ಒಡೆತನ "ಸೆಫ್" ಬಳಕೆದಾರನ ಹೆಸರಲ್ಲಿದೆಯೇ ಅಂತ ನೋಡಿ, "ಮೇಕ್ ಜರ್ನಲ್" ಕೊಟ್ಟು, ಒಎಸ್‌ಡಿಗಳನ್ನು ಎಬ್ಬಿಸಿದೆವು. ಮಲಗಿದ್ದಾಗ ಬಂದ ಬದಲಾವಣೆಗಳನ್ನಷ್ಟೇ ಅವು ಉಳಿದವರಿಂದ ಕೇಳಿ ಪಡೆಯುತ್ತವೆ. ಮೊದಲ ಸರ್ವರ್‌ಗೆ ಒಟ್ಟು 40 ನಿಮಿಷ ಹಿಡಿಯಿತು. ಎಲ್ಲವೂ ಕ್ಲೀನ್ ಆದ ಮೇಲೆ ಸರ್ವರ್ ಅನ್ನು ಒಂದು ಸಲ ಪೂರ್ತಿ ರೀಬೂಟ್ ಮಾಡಿ, ಜರ್ನಲ್‌ಗಳು ತಾವಾಗಿ ಸಿಗುತ್ತವೆಯೇ ಅಂತ ನೋಡಿದೆವು. ಈಗ ಎಬ್ಬಿಸಿದಾಗ ಸರಿ ಇರೋದು ಆರು ತಿಂಗಳ ಮೇಲೆ ಕರೆಂಟ್ ಹೋಗಿ ಬಂದಾಗ ಸರಿ ಇರಲೇಬೇಕು ಅಂತಿಲ್ಲ. ಕೊನೆಗೆ "ನೋಔಟ್" ತೆಗೆದೆವು. ತೆಗೆದ ಎಸ್‌ಎಸ್‌ಡಿಗೆ "ಮತ್ತೆ ಹಾಕಬಾರದು" ಅಂತ ಬರೆದು ಪೆಟ್ಟಿಗೆಗೆ ಹಾಕಿದೆವು, ಅದರಲ್ಲಿರೋದು ಈಗ ಹಳೆಯ ಲೆಕ್ಕ.

ಎರಡನೇ ಸರ್ವರ್‌ಗೆ ಕೈ ಹಾಕಿದ್ದು ಒಂದು ವಾರ ಬಿಟ್ಟು, ಡೀಪ್ ಸ್ಕ್ರಬ್ ಒಂದು ಸುತ್ತು ಮುಗಿದ ಮೇಲೆ. ಅದೂ ಸುಸೂತ್ರ.

ಮೂರನೆಯದು ನಮಗಾಗಿ ಕಾಯಲಿಲ್ಲ. ಬೇಕಂತಲೇ ಎಸ್‌ಎಸ್‌ಡಿಗಳನ್ನು ಎರಡು ಬೇರೆ ತಯಾರಕರಿಂದ, ಬೇರೆ ಬೇರೆ ತಿಂಗಳಲ್ಲಿ ಕೊಳ್ಳೋಣ ಅಂತಿದ್ದೆವು, ಮತ್ತೆ ನಾಲ್ಕೂ ಒಟ್ಟಿಗೆ ಸವೆಯಬಾರದು ನೋಡಿ. ಎರಡನೇ ಜೋಡಿ ಬಂದ ವಾರದಲ್ಲೇ, ಡಿಸೆಂಬರ್‌ನ ಒಂದು ರಾತ್ರಿ, ಮೂರನೇ ಸರ್ವರ್‌ನ ಹಳೆಯ ಎಸ್‌ಎಸ್‌ಡಿ ಮಾಯವಾಯಿತು. ನಿಧಾನವಾಗಲಿಲ್ಲ, ದೂರು ಹೇಳಲಿಲ್ಲ. ಕಾರ್ಯಾಚರಣಾ ವ್ಯವಸ್ಥೆಗೆ ಅಲ್ಲೊಂದು ಡಿಸ್ಕ್ ಇತ್ತು ಅನ್ನೋದೇ ಕಾಣದ ಹಾಗೆ. ಹಿಂದಿನ ದಿನ ಶೇಕಡಾ 9ರಷ್ಟು ಆಯುಷ್ಯ ಬಾಕಿ ಅಂತ ತೋರಿಸಿತ್ತು. ನಾಲ್ಕು ಒಎಸ್‌ಡಿಗಳು ಒಟ್ಟಿಗೆ ಕೆಳಗೆ.

ಇಲ್ಲಿ ಒಂದು ದೊಡ್ಡ ಆಸೆ ಹುಟ್ಟುತ್ತೆ. ಹಾರ್ಡ್ ಡಿಸ್ಕ್‌ಗಳು ಚೆನ್ನಾಗಿಯೇ ಇವೆಯಲ್ಲ, ಹೊಸ ಎಸ್‌ಎಸ್‌ಡಿ ಹಾಕಿ "ಮೇಕ್ ಜರ್ನಲ್" ಕೊಟ್ಟರೆ ಎದ್ದು ಕೂರುತ್ತವಲ್ಲ? ಎದ್ದು ಕೂರುತ್ತವೆ ನಿಜ, ತೊಂದರೆ ಇರೋದೇ ಅಲ್ಲಿ. "ಬರೆದುಕೊಂಡೆ" ಅಂತ ಮಾತು ಕೊಟ್ಟು ಡಿಸ್ಕಿಗೆ ಏರಿಸದೆ ಉಳಿದ ಸಾಲುಗಳು ಎಸ್‌ಎಸ್‌ಡಿ ಜೊತೆ ಹೋಗಿವೆ. ಯಾವ ಸಾಲು ಹೋಯಿತು ಅನ್ನೋದು ಒಎಸ್‌ಡಿಗೂ ಗೊತ್ತಿಲ್ಲ. ಅದು ತನ್ನ ಹಳೆಯ ಪ್ರತಿಯನ್ನೇ ಸರಿ ಅಂತ ಹೇಳಿಕೊಂಡು ಪ್ರಾಥಮಿಕ ಪ್ರತಿಯಾಗಿ ಕೂತರೆ, ಕೆಟ್ಟದ್ದು ಒಳ್ಳೆಯದರ ಮೇಲೆ ನಕಲಾಗೋ ಅಪಾಯವಿದೆ. ಜರ್ನಲ್ ಫ್ಲಶ್ ಆಗದೆ ಸತ್ತರೆ ಆ ಒಎಸ್‌ಡಿಯೂ ಸತ್ತಿತು ಅಂತಲೇ ಲೆಕ್ಕ. ಉಳಿದ ಎರಡು ಪ್ರತಿಗಳಿಂದ ಹೊಸದಾಗಿ ಕಟ್ಟಬೇಕು.

ಆದರೆ ಎಲ್ಲಿ ಕಟ್ಟೋದು? ಸೆಫ್‌ನ ಪಾಡಿಗೆ ಬಿಟ್ಟರೆ ಉಳಿದ ಮೂರು ಸರ್ವರ್‌ಗಳಿಗೆ ಹಂಚುತ್ತೆ. ಅವುಗಳಲ್ಲಿ ನಾಲ್ಕನೆಯದರ ಜರ್ನಲ್ ಇನ್ನೂ ಹಳೆಯದು, ಶೇಕಡಾ 91. ಈ ಹೊತ್ತಿನಲ್ಲಿ ಅದೂ ಸತ್ತರೆ, ಮೂರು ಮತ್ತು ನಾಲ್ಕನೇ ಸರ್ವರ್‌ಗಳಲ್ಲಿ ಪ್ರತಿ ಇದ್ದ ತುಣುಕುಗಳಿಗೆ ಉಳಿಯೋದು ಒಂದೇ ಒಂದು ಪ್ರತಿ. ಹಾಗಾಗಿ 10 ನಿಮಿಷದೊಳಗೆ ಮೂರನೇ ಸರ್ವರ್‌ಗೆ "ನೋಔಟ್" ಹಾಕಿದೆವು, ಹೊಸ ವಿಡಿಯೋ ಸೇರಿಸೋದನ್ನು ನಿಲ್ಲಿಸಿದೆವು. "ಅನ್‌ಫೌಂಡ್", "ಇನ್‌ಕಂಪ್ಲೀಟ್" ಎರಡೂ ಸೊನ್ನೆ ಅಂತ ನೋಡಿಕೊಂಡೆವು. ಆಮೇಲೆ ಹೊಸ ಎಸ್‌ಎಸ್‌ಡಿ ಹಾಕಿ, ಸತ್ತ ಒಎಸ್‌ಡಿಗಳನ್ನು "ಡಿಸ್ಟ್ರಾಯ್" ಮಾಡಿ ಅದೇ ಸಂಖ್ಯೆಯಲ್ಲಿ ಮತ್ತೆ ಹುಟ್ಟಿಸೋ ದಾರಿ ಹಿಡಿದೆವು. "ಡಿಸ್ಟ್ರಾಯ್" ಅನ್ನೋದು ಹೆದರಿಸೋ ಹೆಸರು, ಆದರೆ ಒಎಸ್‌ಡಿಯ ಸಂಖ್ಯೆ ಮತ್ತು ನಕ್ಷೆಯಲ್ಲಿನ ಜಾಗವನ್ನು ಅದು ಉಳಿಸುತ್ತೆ. ಅದರಿಂದ ಬರಹವೆಲ್ಲ ಮೂರನೇ ಸರ್ವರ್‌ಗೇ ಹೋಗುತ್ತೆ, ನಾಲ್ಕನೆಯದು ಓದಿಕೊಟ್ಟರೆ ಸಾಕು. ಎಸ್‌ಎಸ್‌ಡಿಯನ್ನು ಸವೆಸೋದು ಬರಹವೇ ಹೊರತು ಓದಲ್ಲ.

ನಾಲ್ಕು ಡಿಸ್ಕ್‌ಗಳನ್ನೂ ಒಟ್ಟಿಗೆ ಅಳಿಸಲಿಲ್ಲ. ಒಂದು ಮುಗಿದ ಮೇಲೆ ಇನ್ನೊಂದು. ಜರ್ನಲ್ ಕಳೆದುಕೊಂಡ ಡಿಸ್ಕ್‌ನಲ್ಲೂ ಬಹುಪಾಲು ಮಾಹಿತಿ ಇದ್ದೇ ಇರುತ್ತೆ, ಕ್ಲಸ್ಟರ್‌ನಲ್ಲಿ ಓಡಿಸೋಕೆ ಅದು ಯೋಗ್ಯವಲ್ಲ, ಆದರೆ ಉಳಿದದ್ದೆಲ್ಲ ಹೋದ ದಿನ ಹುಡುಕಿ ತೆಗೆಯೋಕೆ ಇರಲಿ. ಡಿಸ್ಕಿಗೆ ಸುಮಾರು 2 ಟಿಬಿಯಂತೆ, ಒಂದು ಗಿಗಾಬಿಟ್ ಜಾಲದಲ್ಲಿ, ಎರಡು ರಾತ್ರಿ ಒಂದು ಹಗಲು. ನಮ್ಮಲ್ಲಿ ಇಬ್ಬರಿಗೆ ಆ ವಾರವೇ ಫೈನಲ್ಸ್. ಸರದಿ ಮೇಲೆ ಸೋಫಾದಲ್ಲಿ ಮಲಗಿ ಅರ್ಧ ಗಂಟೆಗೊಮ್ಮೆ ಪರದೆ ನೋಡೋದು, ಅಂಕಲ್ ಮಧ್ಯರಾತ್ರಿ ಫಿಲ್ಟರ್ ಕಾಫಿ ತಂದು "ಎಷ್ಟಾಯ್ತು?" ಅಂತ ಕೇಳೋದು, "ಶೇಕಡಾ 12 ಬಾಕಿ" ಅಂದರೆ ಎಲೆಕ್ಷನ್ ಕೌಂಟಿಂಗ್ ಕೇಳಿದ ಹಾಗೆ ತಲೆದೂಗಿ ಮೇಲೆ ಹೋಗೋದು.

ಇಂಥ ರಾತ್ರಿಗಳಲ್ಲಿ ಬರೋ ಇನ್ನೊಂದು ಕೆಟ್ಟ ಯೋಚನೆ "ಮಿನ್ ಸೈಜ್" ಅನ್ನು 1ಕ್ಕೆ ಇಳಿಸೋದು. ಮೂರು ಪ್ರತಿಯ ಪೂಲ್‌ನಲ್ಲಿ ಅದು 2 ಇರುತ್ತೆ, ಅಂದರೆ ಎರಡು ಪ್ರತಿಗಿಂತ ಕಡಿಮೆ ಬದುಕಿದ್ದರೆ ಸೆಫ್ ಓದು ಬರಹ ಎರಡನ್ನೂ ನಿಲ್ಲಿಸುತ್ತೆ. ಸೇವೆ ನಿಂತಿತು ಅಂತ ಗಾಬರಿಯಾಗಿ 1 ಮಾಡಿದರೆ, ಒಂದೇ ಪ್ರತಿಯ ಮೇಲೆ ಹೊಸ ಬರಹ ಬೀಳುತ್ತೆ, ಅದೂ ಸತ್ತರೆ ಕೇಳೋರಿಲ್ಲ. ನಿಂತ ಸೇವೆ ಮತ್ತೆ ಏಳುತ್ತೆ. ಲ್ಯಾಬ್‌ನ ಪ್ರೊಫೆಸರ್ ಎಷ್ಟು ಇಮೇಲ್ ಮಾಡಿದರೂ ಇಳಿಸಬೇಡಿ ಅನ್ನೋದು ನಮ್ಮ ಅಭಿಪ್ರಾಯ.

ಹೇಗೂ ಹೊಸದಾಗಿ ಹುಟ್ಟಿಸಬೇಕಿದ್ದರಿಂದ ಮೂರನೇ ಸರ್ವರ್‌ನ ಒಎಸ್‌ಡಿಗಳನ್ನು ಬ್ಲೂಸ್ಟೋರ್ ಪದ್ಧತಿಯಲ್ಲಿ ಮಾಡಿದೆವು. 2017ರ ಲುಮಿನಸ್ ಆವೃತ್ತಿಯಿಂದ ಅದೇ ರೂಢಿ, 2023ರ ರೀಫ್‌ನಲ್ಲಿ ಫೈಲ್‌ಸ್ಟೋರ್‌ಗೆ ಬೆಂಬಲವನ್ನೇ ತೆಗೆದರು. ಒಂದೇ ಕ್ಲಸ್ಟರ್‌ನಲ್ಲಿ ಎರಡೂ ಇರಬಹುದು. ಮೊದಲೇ ಎಲ್ಲವನ್ನೂ ಬದಲಾಯಿಸಬಹುದಿತ್ತಲ್ಲ ಅಂತ ಕೇಳೋರಿಗೆ: ಆ ಬದಲಾವಣೆಗೆ ಒಂದೊಂದು ಡಿಸ್ಕನ್ನೂ ಅಳಿಸಿ ತುಂಬಬೇಕು. ಸವೆದ ಜರ್ನಲ್‌ಗಳ ಮೇಲೆ ಆ ಭಾರ ಹಾಕೋದು ಸರಿ ಕಾಣಲಿಲ್ಲ.

ಬ್ಲೂಸ್ಟೋರ್‌ನಲ್ಲಿ ಜರ್ನಲ್ ಅನ್ನೋ ಹೆಸರಿಲ್ಲ, ಎಸ್‌ಎಸ್‌ಡಿ ಮೇಲೆ ಡಿಬಿ ಮತ್ತು ವಾಲ್ ಇರುತ್ತವೆ. ಜನ ಈಗಲೂ ಬಾಯಿಮಾತಿಗೆ ಜರ್ನಲ್ ಅಂತಲೇ ಅನ್ನುತ್ತಾರೆ, ಅಲ್ಲಿ ಹುಷಾರು. ಫೈಲ್‌ಸ್ಟೋರ್‌ನ ಜರ್ನಲ್ಲನ್ನು ಖಾಲಿ ಮಾಡಿ ಎಸೆಯಬಹುದು. ಬ್ಲೂಸ್ಟೋರ್‌ನ ಡಿಬಿಯಲ್ಲಿ ಯಾವ ವಸ್ತು ಡಿಸ್ಕಿನ ಯಾವ ಮೂಲೆಯಲ್ಲಿದೆ ಅನ್ನೋ ಪಟ್ಟಿಯೇ ಕಾಯಂ ಆಗಿ ಕೂತಿರುತ್ತೆ. ಶೆಟ್ಟರ ಖಾತೆ ಪುಸ್ತಕದ ಅನುಕ್ರಮಣಿಕೆಯೇ ಅದು, ಅದಕ್ಕೆ ಫ್ಲಶ್ ಅನ್ನೋ ಮಾತೇ ಇಲ್ಲ. ಬದಲಾಯಿಸಬೇಕಾದರೆ ಒಎಸ್‌ಡಿಯನ್ನು ನಿಲ್ಲಿಸಿ, ಹಳೆಯದೂ ಹೊಸದೂ ಎರಡೂ ಸಿಕ್ಕಿಸಿರುವಾಗಲೇ, ಡಿಬಿಯನ್ನು ಹೊಸದಕ್ಕೆ ಸಾಗಿಸಬೇಕು. ಪೆಸಿಫಿಕ್ ಆವೃತ್ತಿಯ ನಂತರ ಸೆಫ್-ವಾಲ್ಯೂಮ್‌ನ "ಮೈಗ್ರೇಟ್" ಆದೇಶ ಇದನ್ನು ಮಾಡುತ್ತೆ. ನಮ್ಮ ಹಾಗೆ ಖಾಲಿ ಸ್ಲಾಟ್ ಇಲ್ಲದವರು ಯುಎಸ್‌ಬಿ ಅಡಾಪ್ಟರ್ ಹುಡುಕೋ ಬದಲು ಒಎಸ್‌ಡಿಗಳನ್ನು "ಔಟ್" ಮಾಡಿ ಖಾಲಿಯಾಗೋವರೆಗೆ ಕಾದು, "ಸೇಫ್ ಟು ಡಿಸ್ಟ್ರಾಯ್" ಹೌದು ಅಂದ ಮೇಲೆ ಹೊಸದಾಗಿ ಕಟ್ಟೋದು ವಾಸಿ. ಹೊತ್ತು ಹಿಡಿಯುತ್ತೆ, ಆದರೆ ಮೂರು ಪ್ರತಿ ಯಾವ ಕ್ಷಣಕ್ಕೂ ಎರಡಾಗೋಲ್ಲ.

ಕೊಳ್ಳುವಾಗ ನಾವು ನೋಡಿದ್ದು ಎರಡೇ ವಿಷಯ. ಒಂದು, ಕರೆಂಟ್ ಹೋದಾಗ ಒಳಗಿರೋದನ್ನು ಬರೆದು ಮುಗಿಸೋಕೆ ಕೆಪಾಸಿಟರ್ ಇರಬೇಕು. ಲ್ಯಾಪ್‌ಟಾಪ್ ಎಸ್‌ಎಸ್‌ಡಿಗಳಲ್ಲಿ ಸಾಮಾನ್ಯವಾಗಿ ಇರೋಲ್ಲ, ಅದಿಲ್ಲದವು ಪ್ರತಿ ಬರಹವನ್ನೂ ಖಚಿತಪಡಿಸಿ ಉತ್ತರಿಸಬೇಕಾದಾಗ ಆಮೆಯಾಗುತ್ತವೆ. ಇನ್ನೊಂದು, ದಿನಕ್ಕೆ ಎಷ್ಟು ಬರೆದರೆ ಎಷ್ಟು ವರ್ಷ ಬಾಳುತ್ತೆ ಅನ್ನೋ ತಾಳಿಕೆಯ ಅಂಕಿ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಹಾಕೋ ವೇಗದ ಅಂಕಿ ಇಲ್ಲಿ ಕೆಲಸಕ್ಕೆ ಬಾರದ್ದು.

ನಾಲ್ಕನೇ ಸರ್ವರ್‌ನದ್ದು ಮೂರನೆಯದು ಕ್ಲೀನ್ ಆದ ಮರುದಿನವೇ ಬದಲಾಯಿಸಿದೆವು, ಡೀಪ್ ಸ್ಕ್ರಬ್‌ಗೆ ಕಾಯಲಿಲ್ಲ. ಫ್ಲಶ್ ನಾಲ್ಕಕ್ಕೂ ಸರಿಯಾಗಿ ಆಯಿತು. ಆಂಟಿಯ ಪ್ರಶ್ನೆಗೆ ಉತ್ತರವನ್ನೂ ಹುಡುಕಿಕೊಟ್ಟೆವು, ಯಾವ ತುಣುಕು ಎಲ್ಲಿದೆ ಅಂತ ಸೆಫ್ ಹೇಳುತ್ತೆ. ಅವರ ಅಮ್ಮನ ರೆಕಾರ್ಡಿಂಗ್‌ನ ಮೊದಲ ತುಣುಕು ಆಗ ಒಂದು, ಎರಡು ಮತ್ತು ನಾಲ್ಕನೇ ಸರ್ವರ್‌ಗಳಲ್ಲಿತ್ತು. ಆ ಡಿಸೆಂಬರ್ ರಾತ್ರಿ ಅದಕ್ಕೆ ಮೂರು ಪ್ರತಿಯೂ ಇದ್ದವು. ಎರಡನೆಯ ತುಣುಕಿಗೆ ಎರಡೇ.

ಒಂದು, ಎರಡು, ನಾಲ್ಕನೇ ಸರ್ವರ್‌ಗಳನ್ನು ಬ್ಲೂಸ್ಟೋರ್‌ಗೆ ಬದಲಾಯಿಸೋ ಕೆಲಸ ಬರೋ ಬೇಸಿಗೆಗೆ ಇಟ್ಟುಕೊಂಡಿದ್ದೇವೆ. ಹಾಫ್‌ಮನ್ ಎಸ್ಟೇಟ್ಸ್‌ಗೆ ಬಂದು ಕೈ ಜೋಡಿಸೋರು ಸಂಘದ ಸಮಿತಿಗೆ ತಿಳಿಸಿ. ಬರುವಾಗ ಸ್ವೆಟರ್ ತನ್ನಿ, ಬೇಸ್‌ಮೆಂಟ್ ಜುಲೈನಲ್ಲೂ ತಣ್ಣಗಿರುತ್ತೆ.